ಸೊನ್ನೆಯಿಂದ ಸೊನ್ನೆಯನ್ನು ಭಾಗಿಸುವುದೆಂತು?

ಭಾಸ್ಕರಾಚಾರ್ಯನ ‘ಲೀಲಾವತಿ’ಯಲ್ಲಿ ಸೊನ್ನೆಯ ಗಣಿತವನ್ನು ನಿರೂಪಿಸುವ ಭಾಗದ ಕೊನೆಗೆ ವಿಚಿತ್ರವಾದ ಲೆಕ್ಕವೊಂದಿದೆ. ಯಾವುದೋ ಒಂದು ರಾಶಿಯನ್ನು ಸೊನ್ನೆಯಿಂದ ಗುಣಿಸಬೇಕು; ಬಂದುದಕ್ಕೆ ಅದರದೇ ಅರ್ಧವನ್ನು ಸೇರಿಸಬೇಕು; ಅದೆಲ್ಲವನ್ನೂ ಮೂರರಿಂದ ಗುಣಿಸಿ, ಕಡೆಗೆ ಸೊನ್ನೆಯಿಂದ ಭಾಗಿಸಬೇಕು. ಇಷ್ಟೆಲ್ಲ ಮಾಡಿದ ಮೇಲೆ 63 ಬಂದಿತೆಂದರೆ ಮೊದಲಿನ ರಾಶಿ ಎಷ್ಟು?

ಇಂದಿನ ಪದವಿಪೂರ್ವ ತರಗತಿಯ ವಿದ್ಯಾರ್ಥಿಗೆ ಈ ಲೆಕ್ಕವನ್ನು ಕೊಟ್ಟರೆ ಆತನು ಲೇಖನಿಯನ್ನು ಕೆಳಗಿಟ್ಟುಬಿಡುವುದು ಸಹಜ. ಯಾವ ಸಂಖ್ಯೆಯನ್ನೇ ಆಗಲಿ ಸೊನ್ನೆಯಿಂದ ಗುಣಿಸಿದರೆ ಸೊನ್ನೆ. ಅದರ ಅರ್ಧವೂ ಸೊನ್ನೆ. ಅದರ ಮೂರರಷ್ಟೂ ಸೊನ್ನೆ. ಆ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸುವುದಂತೂ ನಿಷಿದ್ಧವೆಂದು ಆತನಿಗೆ ಪ್ರೌಢಶಾಲೆಯಲ್ಲಿಯೇ ಕಲಿಸಿರುತ್ತಾರೆ. ಆದುದರಿಂದ ಲೆಕ್ಕವೇ ತಪ್ಪು ಎಂದು ಆತನು ಹೇಳುತ್ತಾನೆ. ಭಾಸ್ಕರಾಚಾರ್ಯನಾದರೋ ಉತ್ತರ 14 ಎಂದು ನಿಸ್ಸಂಕೋಚವಾಗಿ ಕೊಟ್ಟಿದ್ದಾನೆ. ಅಷ್ಟೇ ಅಲ್ಲ, ಈ ಬಗೆಯ ಗಣಿತ ಗ್ರಹಗತಿಗಳ ಲೆಕ್ಕದಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆಂದೂ ಸೂಚಿಸಿದ್ದಾನೆ.

ಇವರಿಬ್ಬರಲ್ಲಿ ಯಾರ ಮಾತು ಸರಿ? ಇಬ್ಬರದೂ ಸರಿಯೆಂದರೆ ವಾಚಕರು ನಗಬಹುದು. ಆದರೆ ನಿಜಸ್ಥಿತಿ ಹಾಗೆಯೇ ಇದೆ. ಅದು ಹೇಗೆಂಬುದನ್ನು ಬಿಡಿಸಿ ನೋಡಿದರೆ ಕಲನಶಾಸ್ತ್ರದ ಹೊಸ್ತಿಲಲ್ಲಿ ಬಹುಮಂದಿ ಎಡವುವ ಕಲ್ಲು ಯಾವುದೆಂದು ತಿಳಿಯುತ್ತದೆ.

‘ಲೀಲಾವತಿ’ ರಚಿತವಾದುದು 1150ರ ಸುಮಾರಿಗೆ. ತಾನು ಸಹ್ಯಾದ್ರಿಯ ಬಳಿಯ ಊರಿನವನೆಂದು ಭಾಸ್ಕರನೇ ಹೇಳಿಕೊಂಡಿದ್ದಾನೆ. ಆ ಊರು ನಮ್ಮ ವಿಜಯಪುರವೆಂದು ಕೆಲವರು, ಮಹಾರಾಷ್ಟ್ರಕ್ಕೆ ಸೇರಿದುದೆಂದು ಕೆಲವರು ವಾದಿಸುತ್ತಾರೆ. ಬೂಕನಕೆರೆಯ ಸೀಮೆಯವರಿಗೆ ಪರಿಚಿತವಾದ ಕಿಕ್ಕೇರಿಯ ಬ್ರಹ್ಮೇಶ್ವರ ದೇವಾಲಯದ ಕಾಲ 1171. ಆ ಗುಡಿಯ ಕಲ್ಲುಗಳನ್ನು ಕಡೆಯುವುದಕ್ಕೆ ಸುಮಾರು ಇಪ್ಪತ್ತು ವರ್ಷ ಮೊದಲೇ ಈ ಲೆಕ್ಕ ಹುಟ್ಟಿತ್ತೆಂದು ನೆನೆದರೆ ಅದರ ವಯಸ್ಸು ಮನಸ್ಸಿಗೆ ಬರುತ್ತದೆ.

ಸೊನ್ನೆಯಿಂದ ಭಾಗಿಸುವ ಪ್ರಶ್ನೆ ಭಾಸ್ಕರನಿಗಿಂತಲೂ ಹಳೆಯದು. 628ರಲ್ಲಿ ‘ಬ್ರಾಹ್ಮಸ್ಫುಟಸಿದ್ಧಾಂತ’ವನ್ನು ಬರೆದ ಬ್ರಹ್ಮಗುಪ್ತನು ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆಯೇ ಬರುತ್ತದೆಂದನು. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ನೃಪತುಂಗನ ಆಶ್ರಯದಲ್ಲಿದ್ದ ಮಹಾವೀರಾಚಾರ್ಯನು ತನ್ನ ‘ಗಣಿತಸಾರಸಂಗ್ರಹ’ದಲ್ಲಿ, ಸೊನ್ನೆಯಿಂದ ಭಾಗಿಸಿದ ರಾಶಿ ಬದಲಾಗದೆ ಇದ್ದಂತೆಯೇ ಉಳಿಯುತ್ತದೆಂದನು. ಹಂಚಿಕೊಳ್ಳುವವರೇ ಇಲ್ಲದಿದ್ದರೆ ರಾಶಿ ಕರಗುವುದೆಂತು ಎಂಬ ಭಾವನೆ ಇದರ ಹಿಂದೆ ಇದ್ದಿರಬಹುದು. ಭಾಸ್ಕರನು ಈ ಎರಡನ್ನೂ ಒಪ್ಪಲಿಲ್ಲ. ಸೊನ್ನೆಯನ್ನು ಛೇದವಾಗಿ ಉಳ್ಳ ರಾಶಿಗೆ ಆತನು ‘ಖಹರ’ವೆಂದು ಹೆಸರಿಟ್ಟು, ಅದಕ್ಕೆ ಏನನ್ನು ಕೂಡಿಸಿದರೂ ಏನನ್ನು ಕಳೆದರೂ ವಿಕಾರವಿಲ್ಲದ ಅನಂತವೆಂದು ಬೇರೆಯಾಗಿ ನಿಲ್ಲಿಸಿದನು. ಒಂದು ರಾಶಿಗೆ ಸೊನ್ನೆ ಗುಣಕವಾಗಿಯೂ ಬಂದು, ಮುಂದೆ ಸೊನ್ನೆಯೇ ಛೇದವಾಗಿಯೂ ಬರುವುದಾದರೆ, ಗುಣಾಕಾರವನ್ನು ಅವಸರದಿಂದ ಮಾಡಿ ಎಲ್ಲವನ್ನೂ ಅಳಿಸಿಬಿಡಬಾರದು, ರಾಶಿಯನ್ನು ಹಾಗೆಯೇ ಇಟ್ಟುಕೊಂಡಿರಬೇಕು ಎಂಬುದು ಆತನ ವಿಧಿ. ಕೊನೆಯ ಈ ವಿವೇಕವೇ ನಮಗೆ ಇಲ್ಲಿ ಮುಖ್ಯವಾದುದು.

ಎರಡು ಬೇರೆ ಬೇರೆ ರೋಗಗಳು

ಭಾಗಾಕಾರವೆಂದರೆ ಗುಣಾಕಾರವನ್ನು ಹಿಂದಕ್ಕೆ ನಡೆಸುವುದು. 12ನ್ನು 4ರಿಂದ ಭಾಗಿಸಿದರೆ 3 ಬರುತ್ತದೆ ಎನ್ನುವುದಕ್ಕೆ, 4ನ್ನು ಯಾವುದರಿಂದ ಗುಣಿಸಿದರೆ 12 ಆಗುತ್ತದೋ ಅದು 3 ಎಂದೇ ಅರ್ಥ. ಈ ಅರ್ಥವನ್ನು ಹಿಡಿದು 5ನ್ನು ಸೊನ್ನೆಯಿಂದ ಭಾಗಿಸಹೊರಟರೆ, ಸೊನ್ನೆಯನ್ನು ಯಾವುದರಿಂದ ಗುಣಿಸಿದರೆ 5 ಆದೀತೆಂದು ಹುಡುಕಬೇಕಾಗುತ್ತದೆ. ಅಂಥ ಸಂಖ್ಯೆ ಒಂದೂ ಇಲ್ಲ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಹೊರಟರೆ, ಸೊನ್ನೆಯನ್ನು ಯಾವುದರಿಂದ ಗುಣಿಸಿದರೆ ಸೊನ್ನೆಯಾದೀತೆಂದು ಹುಡುಕಬೇಕು. ಇಲ್ಲಿ 7 ಆದರೂ ಆದೀತು, 700 ಆದರೂ ಆದೀತು. ಮೊದಲನೆಯದರಲ್ಲಿ ಉತ್ತರವೇ ಇಲ್ಲ. ಎರಡನೆಯದರಲ್ಲಿ ಉತ್ತರಗಳು ಬೇಕಾದುದಕ್ಕಿಂತ ಹೆಚ್ಚಾಗಿವೆ. ಎರಡನ್ನೂ ‘ಸಾಧ್ಯವಿಲ್ಲ’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುವುದು ಶಾಲೆಯ ವಾಡಿಕೆ. ಆದರೆ ಇವು ಒಂದೇ ರೋಗವಲ್ಲ; ಚಿಕಿತ್ಸೆಯೂ ಒಂದೇ ಅಲ್ಲ.

ಎರಡನೆಯದಕ್ಕೆ ‘ಅನಿರ್ಧಾರಿತ ರೂಪ’ವೆಂದು ಹೆಸರು. ಸೊನ್ನೆಯ ಮೇಲೆ ಸೊನ್ನೆ ಎಂಬಷ್ಟರಿಂದಲೇ ಉತ್ತರ ಇಂಥದೆಂದು ನಿರ್ಧಾರವಾಗುವುದಿಲ್ಲ. ಆ ಸೊನ್ನೆಗಳು ಎಲ್ಲಿಂದ, ಹೇಗೆ ಬಂದವು ಎಂಬ ಸಂಗತಿ ತಿಳಿದರೆ ನಿರ್ಧಾರವಾಗಬಹುದು. ಊರ ದಾರಿಯಲ್ಲಿ ಇಬ್ಬರು ಎದುರಾದಾಗ, ಅವರು ಯಾವ ಊರಿಂದ ಬಂದರೆಂಬುದು ಅವರು ನಿಂತಿರುವ ಜಾಗವನ್ನು ಮಾತ್ರ ನೋಡಿದರೆ ತಿಳಿಯಲಾರದಷ್ಟೆ.

ಬಾವಿಗೆ ಬಿದ್ದ ಕಲ್ಲು

ಇದೆಲ್ಲ ಮಾತಿನ ಕಸರತ್ತೆಂದು ಭಾವಿಸುವವರು ಈಗ ಹೇಳುವ ಉದಾಹರಣೆಯನ್ನು ಗಮನಿಸಬೇಕು. ಬೂಕನಕೆರೆಯ ಕಡೆಯ ಹೊಲವೊಂದರಲ್ಲಿ ಇಪ್ಪತ್ತು ಮೀಟರಿಗಿಂತಲೂ ಆಳವಾದ ತೆರೆದ ಬಾವಿಯಿದೆಯೆಂದು ಇಟ್ಟುಕೊಳ್ಳೋಣ. ಅದರ ದಡದಿಂದ ಒಂದು ಕಲ್ಲನ್ನು ಕೈಬಿಡೋಣ. ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಬಿಟ್ಟ ಕ್ಷಣದಿಂದ ಯ ಸೆಕೆಂಡುಗಳಲ್ಲಿ ಕಲ್ಲು 4.9ಯ² ಮೀಟರು ಬೀಳುತ್ತದೆ. (ನಮ್ಮ ಹಿಂದಿನ ಗಣಿತಜ್ಞರು ಅವ್ಯಕ್ತರಾಶಿಯನ್ನು ‘ಯಾವತ್ತಾವತ್’ ಎಂದು ಕರೆದು ‘ಯಾ’ ಎಂದು ಬರೆಯುತ್ತಿದ್ದರು, ಆದುದರಿಂದ ಈ ಅಕ್ಷರವನ್ನು ಆರಿಸಿಕೊಂಡಿದ್ದೇನೆ.) ಎರಡನೆಯ ಸೆಕೆಂಡು ತುಂಬುವ ಹೊತ್ತಿಗೆ ಕಲ್ಲು 19.6 ಮೀಟರು ಕೆಳಗಿರುತ್ತದೆ. ಆ ಕ್ಷಣದಲ್ಲಿ ಅದರ ವೇಗವೆಷ್ಟು?

ವೇಗವೆಂದರೆ ಕ್ರಮಿಸಿದ ದೂರವನ್ನು ಹಿಡಿದ ಕಾಲದಿಂದ ಭಾಗಿಸಿದುದು. ಒಂದೇ ಒಂದು ಕ್ಷಣದಲ್ಲಿ ಕ್ರಮಿಸಿದ ದೂರ ಸೊನ್ನೆ, ಹಿಡಿದ ಕಾಲವೂ ಸೊನ್ನೆ. ನೋಡಿರಿ, ನಿಷಿದ್ಧವಾದ ಭಾಗಾಕಾರ ತಾನಾಗಿಯೇ ಬಂದು ಎದುರು ನಿಂತಿತು! ಕಲ್ಲಿಗೆ ಆ ಕ್ಷಣದಲ್ಲಿ ವೇಗವೇ ಇಲ್ಲವೆನ್ನೋಣವೆಂದರೆ, ಅದೇ ಕ್ಷಣದಲ್ಲಿ ನೀರಿನ ಮೇಲೆ ಬಡಿದ ಕಲ್ಲು ಎಬ್ಬಿಸುವ ಸಪ್ಪಳ ಆ ಮಾತನ್ನು ಸುಳ್ಳು ಮಾಡುತ್ತದೆ. ವೇಗವೇನೋ ಇದೆ, ಅದನ್ನು ಲೆಕ್ಕ ಮಾಡುವ ದಾರಿ ಬೇಕಾಗಿದೆ.

ಒಂದು ಕ್ಷಣದ ಬದಲು, 2 ಸೆಕೆಂಡಿಗೂ ಅದಕ್ಕೆ ಸಮೀಪದ ಯ ಸೆಕೆಂಡಿಗೂ ನಡುವಣ ಅಲ್ಪಕಾಲವನ್ನು ತೆಗೆದುಕೊಳ್ಳೋಣ. ಆ ಅವಧಿಯ ಸರಾಸರಿ ವೇಗ

(4.9ಯ² − 19.6) / (ಯ − 2)

ಆಗುತ್ತದೆ. ಯ ಎಂಬುದು 1 ಆದರೆ ಇದರ ಬೆಲೆ 14.7, 1.9 ಆದರೆ 19.11; 1.99 ಆದರೆ 19.551, 1.999 ಆದರೆ 19.5951. ಇನ್ನೊಂದು ಪಕ್ಕದಿಂದ ಬಂದರೆ, ಯ ಎಂಬುದು 2.01 ಆದಾಗ 19.649, 2.001 ಆದಾಗ 19.6049. ಎರಡು ದಿಕ್ಕಿನಿಂದಲೂ ಬೆಲೆಗಳು 19.6ರ ಕಡೆಗೆ ಕೂಡಿಬರುತ್ತಿರುವುದು ಕಾಣುತ್ತದೆ. ಕಾರಣವೂ ಗೂಢವಲ್ಲ. ಅಂಶವನ್ನು ಅಪವರ್ತಿಸಿದರೆ 4.9(ಯ − 2)(ಯ + 2) ಎಂದಾಗುತ್ತದೆ. ಯ ಎಂಬುದು 2 ಅಲ್ಲದಿರುವವರೆಗೆ (ಯ − 2) ಸೊನ್ನೆಯಲ್ಲ. ಆದುದರಿಂದ ಅದನ್ನು ಮೇಲೂ ಕೆಳಗೂ ಹೊಡೆದುಹಾಕಬಹುದು. ಉಳಿಯುವುದು 4.9(ಯ + 2). ಯ ಎಂಬುದು 2ರ ಸಮೀಪಕ್ಕೆ ಬಂದಂತೆಲ್ಲ ಇದು 4.9 × 4, ಎಂದರೆ 19.6ರ ಸಮೀಪಕ್ಕೆ ಬರುತ್ತದೆ.

ಹೀಗೆ ದೊರೆತ 19.6 ಎಂಬ ಸಂಖ್ಯೆಗೆ, ಯ ಎಂಬುದು 2ನ್ನು ಸಮೀಪಿಸಿದಾಗ ಆ ಭಿನ್ನರಾಶಿಯ ಪರಿಮಿತಿ ಎಂದು ಹೆಸರು. ಕಲ್ಲಿನ ಆ ಕ್ಷಣದ ವೇಗ ಸೆಕೆಂಡಿಗೆ 19.6 ಮೀಟರು.

ಸರಿಯಾದ ಆಕ್ಷೇಪಣೆ

ಇಲ್ಲಿ ಚುರುಕಾದ ವಿದ್ಯಾರ್ಥಿಯೊಬ್ಬನು ಎದ್ದು ನಿಂತು ಒಂದು ಪ್ರಶ್ನೆ ಕೇಳುತ್ತಾನೆ. ‘(ಯ − 2)ನ್ನು ಹೊಡೆದುಹಾಕುವಾಗ ಯ ಎಂಬುದು 2 ಅಲ್ಲವೆಂದಿರಿ. ಮರುಗಳಿಗೆಯಲ್ಲಿ ಯ ಇದ್ದೆಡೆಯಲ್ಲಿ 2ನ್ನೇ ಹಾಕಿದಿರಿ. ಇದು ಯಾವ ನ್ಯಾಯ ಸ್ವಾಮಿ?’ ಇಂಥ ಪ್ರಶ್ನೆಗೆ ‘ಪರೀಕ್ಷೆಗೆ ಅಷ್ಟು ತಿಳಿದಿದ್ದರೆ ಸಾಕು, ಕುಳಿತುಕೊ’ ಎಂಬ ಉತ್ತರ ಬರುವುದುಂಟು. ಅದು ದೊಡ್ಡ ಅನ್ಯಾಯ. ಏಕೆಂದರೆ ಆ ಹುಡುಗ ಕೇಳಿದುದು ಕಲನಶಾಸ್ತ್ರದ ಇತಿಹಾಸದಲ್ಲಿಯೇ ಅತ್ಯಂತ ಪ್ರಸಿದ್ಧವಾದ ಆಕ್ಷೇಪಣೆ. 1734ರಲ್ಲಿ ಐರ್ಲೆಂಡಿನ ತತ್ತ್ವಜ್ಞಾನಿ ಜಾರ್ಜ್ ಬರ್ಕ್ಲಿ ಇದನ್ನೇ ಎತ್ತಿ ನ್ಯೂಟನ್ನನ ಅನುಯಾಯಿಗಳನ್ನು ಹಾಸ್ಯಮಾಡಿದನು. ಒಂದು ಪರಿಮಾಣವನ್ನು ಮೊದಲು ಇದೆಯೆಂದು ಹಿಡಿದು ಭಾಗಾಕಾರ ಮಾಡಿ, ಆಮೇಲೆ ಇಲ್ಲವೆಂದು ಬಿಟ್ಟುಬಿಡುವುದು ತರ್ಕಕ್ಕೆ ವಿರುದ್ಧವೆಂದು ಆತನ ವಾದ. ಅಂದಿನ ಗಣಿತಜ್ಞರು ಕೊಟ್ಟ ಸಮಾಧಾನಗಳು ತೃಪ್ತಿಕರವಾಗಿರಲಿಲ್ಲ. ಫ್ರಾನ್ಸಿನ ಕೋಶಿ 1821ರ ತನ್ನ ಗ್ರಂಥದಲ್ಲಿ ಪರಿಮಿತಿಯ ಭಾವನೆಯನ್ನು ಕಲನಶಾಸ್ತ್ರದ ತಳಹದಿಯನ್ನಾಗಿ ಮಾಡಿದ ಮೇಲೆ, ಜರ್ಮನಿಯ ವೈಯರ್‌ಸ್ಟ್ರಾಸ್ ಅದನ್ನು ಇನ್ನಷ್ಟು ಬಿಗಿಮಾಡಿದ ಮೇಲೆ, ಆಕ್ಷೇಪಣೆಗೆ ನೆಟ್ಟನೆಯ ಉತ್ತರ ದೊರೆಯಿತು.

ಆ ಉತ್ತರವನ್ನು ಸಂತೆಯ ಚೌಕಾಶಿಯ ರೀತಿಯಲ್ಲಿ ಹೇಳಬಹುದು. ಪರಿಮಿತಿ 19.6 ಎಂದು ನಾನು ಹೇಳುತ್ತೇನೆ. ನೀವು ನಂಬುವುದಿಲ್ಲ, ಸರಾಸರಿ ವೇಗಕ್ಕೂ 19.6ಕ್ಕೂ ವ್ಯತ್ಯಾಸ 1/100ಕ್ಕಿಂತ ಕಡಮೆಯಾಗುವಂತೆ ಮಾಡಿ ತೋರಿಸೆಂದು ಕೇಳುತ್ತೀರಿ. ಆ ವ್ಯತ್ಯಾಸ 4.9(ಯ + 2) − 19.6, ಎಂದರೆ 4.9(ಯ − 2). ಆದುದರಿಂದ ಯ ಎಂಬುದು 2ರಿಂದ ಎರಡು ಕಡೆಗೂ 1/490ಕ್ಕಿಂತ ಕಡಮೆ ದೂರದಲ್ಲಿರಲಿ, ನಿಮ್ಮ ಬೇಡಿಕೆ ತೀರುತ್ತದೆ ಎಂದು ನಾನು ಹೇಳುತ್ತೇನೆ. ನೀವು ಬೇಡಿಕೆಯನ್ನು 1/1000ಕ್ಕೆ ಬಿಗಿಮಾಡಿದರೆ ನಾನು 1/4900 ಎನ್ನುತ್ತೇನೆ. ನೀವು ಎಷ್ಟು ಸಣ್ಣ ವ್ಯತ್ಯಾಸವನ್ನು ಕೇಳಿದರೂ ನನ್ನಲ್ಲಿ ಉತ್ತರ ಸಿದ್ಧವಾಗಿರುತ್ತದೆ. 19.6ರ ಬದಲು 19.61 ಪರಿಮಿತಿಯೆಂದು ಬೇರೊಬ್ಬನು ಹೇಳಿದ್ದರೆ, 1/1000ದ ಬೇಡಿಕೆಯ ಮುಂದೆಯೇ ಆತನು ಸೋಲುತ್ತಿದ್ದನು. ಪರಿಮಿತಿಯ ಅರ್ಥ ಇಷ್ಟೇ.

ಈ ಚೌಕಾಶಿಯಲ್ಲಿ ಯ ಎಂಬುದನ್ನು 2ಕ್ಕೆ ಸಮವಾಗಿಸಿದ ಗಳಿಗೆ ಎಲ್ಲಿಯೂ ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು. 4.9(ಯ + 2) ಎಂಬಲ್ಲಿ 2ನ್ನು ಹಾಕಿದುದು, ಪರಿಮಿತಿ ಯಾವುದಿರಬೇಕೆಂದು ಕಂಡುಕೊಳ್ಳುವ ಸುಲಭೋಪಾಯ ಮಾತ್ರ. ಮೂಲ ಭಿನ್ನರಾಶಿಗೆ 2ರಲ್ಲಿ ಬೆಲೆಯಿಲ್ಲ, ಎಂದೆಂದಿಗೂ ಇಲ್ಲ, ಆದರೆ ಪರಿಮಿತಿಯಿದೆ. ಬೆಲೆ ಎಂಬುದು ಆ ಬಿಂದುವಿನ ಸ್ವತ್ತು, ಪರಿಮಿತಿ ಎಂಬುದು ಅದರ ನೆರೆಹೊರೆಯ ಸ್ವತ್ತು. ನಮ್ಮ ವಿದ್ಯಾರ್ಥಿಯೂ ಸರಿ, ಭಾಸ್ಕರಾಚಾರ್ಯನೂ ಸರಿ ಎಂದುದು ಇದರಿಂದಲೇ. ‘ಲೀಲಾವತಿ’ಯ ಲೆಕ್ಕದಲ್ಲಿ ಸೊನ್ನೆಯ ಬದಲು ಶ ಎಂಬ ಸಣ್ಣ ರಾಶಿಯನ್ನು ಇಟ್ಟು ನೋಡಿರಿ:

3(ಯಶ + ಯಶ/2) / ಶ

ಶ ಸೊನ್ನೆಯಲ್ಲದಿರುವವರೆಗೆ ಇದು 9ಯ/2. ಶ ಸೊನ್ನೆಯನ್ನು ಸಮೀಪಿಸಿದಾಗಲೂ ಪರಿಮಿತಿ 9ಯ/2 ಆಗಿಯೇ ಇರುತ್ತದೆ. ಅದು 63 ಆಗಬೇಕಾದರೆ ಯ ಎಂಬುದು 14. ಭಾಸ್ಕರನಿಗೆ ಪರಿಮಿತಿಯ ಇಂದಿನ ಲಕ್ಷಣ ತಿಳಿದಿತ್ತೆಂದು ಸಾಧಿಸಹೊರಡುವುದು ಅತಿಶಯದ ಮಾತಾದೀತು. ಮೇಲಿನ ಸೊನ್ನೆಯೂ ಕೆಳಗಿನ ಸೊನ್ನೆಯೂ ಒಂದೇ ಆಗಿರಬೇಕೆಂಬ ನಿಯಮವನ್ನು ಆತನು ಬಿಡಿಸಿ ಹೇಳಿಲ್ಲ. ಅದಿಲ್ಲದೆ ಹೋದರೆ 0 × 5 ಮತ್ತು 0 × 7 ಸಮವಾಗಿರುವುದರಿಂದ 5 ಮತ್ತು 7 ಸಮವೆಂದು ಯಾರಾದರೂ ಸಾಧಿಸಿಯಾರು. ಆದರೂ ಅಳಿಸುವುದಕ್ಕೆ ಮೊದಲು ತಡೆದು ನೋಡಬೇಕೆಂಬ ಸೂಕ್ಷ್ಮವನ್ನು ಆತನು ಕಂಡಿದ್ದನು.

ಲೆಕ್ಕ ಮಾಡುವ ಕ್ರಮ

ಒಂದು ಬಹುಪದೋಕ್ತಿಯನ್ನು ಇನ್ನೊಂದು ಬಹುಪದೋಕ್ತಿಯಿಂದ ಭಾಗಿಸಿದಾಗ ದೊರೆಯುವುದಕ್ಕೆ ಭಾಗಲಬ್ಧ ಉತ್ಪನ್ನವೆಂದು ಹೆಸರು. ಬಾವಿಯ ಕಲ್ಲಿನ ಸರಾಸರಿ ವೇಗ ಅಂಥದೇ ಒಂದು. ಇಂಥ ಉತ್ಪನ್ನಗಳ ಪರಿಮಿತಿಯನ್ನು ಕಂಡುಹಿಡಿಯಲು ವಿಶೇಷ ಪ್ರತಿಭೆ ಬೇಕಿಲ್ಲ; ಮೊದಲು ಛೇದವನ್ನು ನೋಡುವ ಅಭ್ಯಾಸ ಬೇಕು. ಸಮೀಪಿಸಬೇಕಾದ ಬೆಲೆಯನ್ನು ಛೇದದಲ್ಲಿ ಹಾಕಿದಾಗ ಸೊನ್ನೆ ಬರದಿದ್ದರೆ ಮುಂದಿನ ಮಾತೇ ಇಲ್ಲ. ಆ ಬೆಲೆಯನ್ನು ಅಂಶದಲ್ಲಿಯೂ ಹಾಕಿ ಭಾಗಿಸಿದರೆ ಆಯಿತು. ಇಂಥ ಸುಲಭ ಲೆಕ್ಕದಲ್ಲಿಯೂ ಅಪವರ್ತನಕ್ಕೆ ತೊಡಗಿ ಹೊತ್ತು ಕಳೆಯುವವರು ಕಡಮೆಯಿಲ್ಲ.

ಅಂಶ ಛೇದಗಳೆರಡೂ ಸೊನ್ನೆಯಾದರೆ, ಬೀಜಗಣಿತದಲ್ಲಿ ಕಲಿತ ಅಪವರ್ತನ ಪ್ರಮೇಯವನ್ನು ನೆನೆಯಬೇಕು. 2ನ್ನು ಹಾಕಿದಾಗ ಬಹುಪದೋಕ್ತಿಯೊಂದು ಸೊನ್ನೆಯಾದರೆ (ಯ − 2) ಅದರ ಅಪವರ್ತನವಾಗಿಯೇ ಇರಬೇಕು. ಎರಡೂ ಸೊನ್ನೆಯಾದರೆ ಅದು ಎರಡಕ್ಕೂ ಸಾಮಾನ್ಯ. ಆದುದರಿಂದ ಹೊಡೆದುಹಾಕಲು ಏನಾದರೂ ಇದ್ದೇ ಇರುತ್ತದೆ. ಇದು ಅದೃಷ್ಟದ ಮಾತಲ್ಲ. ಉದಾಹರಣೆಗೆ,

(ಯ² − 5ಯ + 6) / (ಯ² − 4)

ಎಂಬುದರಲ್ಲಿ 2ನ್ನು ಹಾಕಿದರೆ ಮೇಲೂ ಸೊನ್ನೆ, ಕೆಳಗೂ ಸೊನ್ನೆ. ಅಪವರ್ತಿಸಿದರೆ (ಯ − 2)(ಯ − 3) / (ಯ − 2)(ಯ + 2). ಉಳಿಯುವುದು (ಯ − 3)/(ಯ + 2), ಪರಿಮಿತಿ −1/4. ಅನುಮಾನವಿದ್ದವರು 2.01ನ್ನು ಹಾಕಿ ನೋಡಬಹುದು, −0.2469 ಬರುತ್ತದೆ. 1.99ನ್ನು ಹಾಕಿದರೆ −0.2531.

ಒಮ್ಮೆ ಹೊಡೆದುಹಾಕಿದ ಮೇಲೂ ಸೊನ್ನೆಯ ಮೇಲೆ ಸೊನ್ನೆ ಉಳಿಯುವುದುಂಟು. ಆಗ ಗಾಬರಿಯಾಗದೆ ಮತ್ತೊಮ್ಮೆ ಅದೇ ಕೆಲಸ ಮಾಡಬೇಕು. ಆದರೆ ಘಾತ ಹೆಚ್ಚಿದಾಗ ಅಪವರ್ತನ ಬೇಸರದ ಕೆಲಸ. ಅಲ್ಲಿ ಭಾಸ್ಕರನ ದಾರಿಯೇ ಮೇಲೆಂದು ನನ್ನ ಅಭಿಪ್ರಾಯ: ಸಮೀಪಿಸಬೇಕಾದ ಬೆಲೆಗೆ ಶ ಎಂಬ ಸಣ್ಣ ರಾಶಿಯನ್ನು ಸೇರಿಸಿ ಯ ಇದ್ದೆಡೆಯಲ್ಲಿ ಇಟ್ಟುಬಿಡುವುದು. ಯ ಎಂಬುದು 1ನ್ನು ಸಮೀಪಿಸಿದಾಗ

(ಯ³ − 3ಯ + 2) / (ಯ² − 2ಯ + 1)

ಎಂಬುದರ ಪರಿಮಿತಿ ಬೇಕಾಗಿದೆಯೆನ್ನೋಣ. ಯ = 1 + ಶ ಎಂದಿಟ್ಟರೆ ಅಂಶವು 1 + 3ಶ + 3ಶ² + ಶ³ − 3 − 3ಶ + 2 ಆಗಿ, ಕೂಡಿ ಕಳೆದು 3ಶ² + ಶ³ ಎಂದು ಉಳಿಯುತ್ತದೆ. ಛೇದವು ಬರಿಯ ಶ². ಭಾಗಿಸಿದರೆ 3 + ಶ. ಶ ಸೊನ್ನೆಯನ್ನು ಸಮೀಪಿಸಿದಾಗ ಪರಿಮಿತಿ 3. ಅಪವರ್ತನವನ್ನು ಹುಡುಕಿ ತಲೆಕೆರೆದುಕೊಳ್ಳುವ ಪ್ರಮೇಯವೇ ಬರಲಿಲ್ಲ. ಮೇಲಿನ ಸೊನ್ನೆ ಎಷ್ಟು ‘ಗಟ್ಟಿ’, ಕೆಳಗಿನ ಸೊನ್ನೆ ಎಷ್ಟು ‘ಗಟ್ಟಿ’ ಎಂಬುದು ಶ ಎಂಬುದರ ಘಾತದಿಂದಲೇ ಕಣ್ಣಿಗೆ ಕಾಣುತ್ತದೆ. ಎರಡೂ ಸಮಬಲದವಾದರೆ ಪರಿಮಿತಿ ಸೊನ್ನೆಯಲ್ಲದ ಸಂಖ್ಯೆ. ಮೇಲಿನದು ಬಲವಾದರೆ ಪರಿಮಿತಿ ಸೊನ್ನೆ. ಕೆಳಗಿನದು ಬಲವಾದರೆ ಪರಿಮಿತಿಯೇ ಇಲ್ಲ.

ಲೋಪಿತಾಲನ ನಿಯಮವನ್ನು ಬಲ್ಲ ವಿದ್ಯಾರ್ಥಿಗಳು ಇಲ್ಲಿ ನಸುನಗಬಹುದು. ಅಂಶವನ್ನೂ ಛೇದವನ್ನೂ ಬೇರೆ ಬೇರೆಯಾಗಿ ಅವಕಲಿಸಿ ಭಾಗಿಸೆನ್ನುವ ಈ ನಿಯಮ 1696ರಲ್ಲಿ ಲೋಪಿತಾಲನ ಗ್ರಂಥದಲ್ಲಿ ಪ್ರಕಟವಾಯಿತು; ಅದನ್ನು ಆತನಿಗೆ ತಿಳಿಸಿಕೊಟ್ಟವನು ಯೋಹಾನ್ ಬರ್ನೂಲಿ. ನಿಯಮ ಸೊಗಸಾದುದೇ. ಆದರೆ ಅವಕಲನವೆಂಬುದೇ ಸೊನ್ನೆಯ ಮೇಲೆ ಸೊನ್ನೆಯ ಒಂದು ಪರಿಮಿತಿ. ಬಾವಿಯ ಕಲ್ಲಿನ ಲೆಕ್ಕವನ್ನು ಲೋಪಿತಾಲನ ನಿಯಮದಿಂದ ಬಿಡಿಸುವವನು, ಉತ್ತರವನ್ನು ಮೊದಲೇ ಜೇಬಿನಲ್ಲಿಟ್ಟುಕೊಂಡು ಹುಡುಕುವ ನಾಟಕವಾಡಿದಂತೆ ಆಗುತ್ತದೆ. ಪರಿಮಿತಿಯನ್ನು ಕಲಿಯುತ್ತಿರುವಾಗ ಈ ನಿಯಮವನ್ನು ಮುಟ್ಟದಿರುವುದು ಲೇಸು.

ಮಸೂರದ ಸಾಕ್ಷ್ಯ

ಇನ್ನು ಮೊದಲನೆಯ ರೋಗಕ್ಕೆ ಬರೋಣ. ಛೇದ ಸೊನ್ನೆಯಾಗಿ ಅಂಶ ಸೊನ್ನೆಯಾಗದಿದ್ದರೆ ಏನು ಗತಿ? ಭಾಸ್ಕರನ ಖಹರವೆಂದರೆ ಇದೇ. ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಪೀನಮಸೂರವೊಂದರ ಸಂಗಮ ದೂರ 20 ಸೆಂಟಿಮೀಟರು ಇದೆಯೆನ್ನೋಣ. ಉರಿಯುವ ಮೋಂಬತ್ತಿಯನ್ನು ಮಸೂರದಿಂದ ಯ ಸೆಂಟಿಮೀಟರು ದೂರದಲ್ಲಿಟ್ಟರೆ ಅದರ ಬಿಂಬ ಇನ್ನೊಂದು ಪಕ್ಕದಲ್ಲಿ

20ಯ / (ಯ − 20)

ಸೆಂಟಿಮೀಟರು ದೂರದಲ್ಲಿ ಮೂಡುತ್ತದೆ. ಇದೂ ಭಾಗಲಬ್ಧ ಉತ್ಪನ್ನವೇ. ಮೋಂಬತ್ತಿ 30 ಸೆಂಟಿಮೀಟರಿನಲ್ಲಿದ್ದರೆ ಬಿಂಬ 60ರಲ್ಲಿ. ಮೋಂಬತ್ತಿಯನ್ನು 22ಕ್ಕೆ ತಂದರೆ ಬಿಂಬ 220ಕ್ಕೆ ಓಡುತ್ತದೆ, 21ಕ್ಕೆ ತಂದರೆ 420ಕ್ಕೆ, 20.1ಕ್ಕೆ ತಂದರೆ 4020ಕ್ಕೆ, ಎಂದರೆ ನಲವತ್ತು ಮೀಟರಿನಾಚೆಗೆ, ಪ್ರಯೋಗಶಾಲೆಯ ಗೋಡೆಯನ್ನೂ ದಾಟಿ! ಈಗ 20ನ್ನು ದಾಟಿ ಮಸೂರದ ಕಡೆಗೆ ಇನ್ನಷ್ಟು ಸರಿಸಿರಿ. 19.9ರಲ್ಲಿ ಲೆಕ್ಕ −3980 ಎನ್ನುತ್ತದೆ. ಋಣಚಿಹ್ನೆಗೆ ಅರ್ಥವಿದೆ: ಬಿಂಬ ಈಗ ಪರದೆಯ ಮೇಲೆ ಮೂಡದು; ಮೋಂಬತ್ತಿ ಇರುವ ಪಕ್ಕದಲ್ಲಿಯೇ ಬಹುದೂರದಲ್ಲಿ ಇರುವಂತೆ ಮಸೂರದ ಮೂಲಕ ನೋಡುವವನಿಗೆ ತೋರುತ್ತದೆ. 18ರಲ್ಲಿ −180. ಭೂತಗನ್ನಡಿಯಿಂದ ಪುಸ್ತಕದ ಅಕ್ಷರವನ್ನು ದೊಡ್ಡದಾಗಿ ಕಾಣುವುದು ಈ ಸ್ಥಿತಿಯಲ್ಲಿ.

20ನ್ನು ಬಲಗಡೆಯಿಂದ ಸಮೀಪಿಸಿದರೆ ಬೆಲೆ ಮೇರೆಯಿಲ್ಲದೆ ಏರುತ್ತದೆ. ಎಡಗಡೆಯಿಂದ ಸಮೀಪಿಸಿದರೆ ಮೇರೆಯಿಲ್ಲದೆ ಇಳಿಯುತ್ತದೆ. ಎರಡು ಪಕ್ಕಗಳೂ ಒಂದೆಡೆ ಕೂಡುವುದಿಲ್ಲ. ಆದುದರಿಂದ ಇಲ್ಲಿ ಪರಿಮಿತಿಯಿಲ್ಲ. ‘ಪರಿಮಿತಿ ಅನಂತ’ ಎಂದು ಬರೆದು ಮುಂದೆ ಸಾಗುವ ವಿದ್ಯಾರ್ಥಿ ಚಿಹ್ನೆಯನ್ನು ನೋಡುವುದೇ ಇಲ್ಲ. ಅನಂತವೆಂಬುದನ್ನು ಒಂದು ಸಂಖ್ಯೆಯೆಂದು ತಿಳಿದು ಸಮಾಧಾನಪಡುತ್ತಾನೆ. ಅದು ಸಂಖ್ಯೆಯಲ್ಲ, ಮೇರೆಯಿಲ್ಲದೆ ಬೆಳೆಯುತ್ತಿದೆಯೆಂಬ ವರದಿ. ಛೇದ (ಯ − 20)ರ ವರ್ಗವಾಗಿದ್ದರೆ ಎರಡು ಪಕ್ಕದಲ್ಲಿಯೂ ಚಿಹ್ನೆ ಒಂದೇ ಇರುತ್ತಿತ್ತು. ಆಗ ಎರಡು ಕಡೆಯಿಂದಲೂ ಏರುತ್ತದೆಂದು ಹೇಳಬಹುದಾಗಿತ್ತು.

ಅದೇ ಮಸೂರದಿಂದ ಇನ್ನೊಂದು ಪಾಠವನ್ನೂ ಕಲಿಯಬಹುದು. ಮೋಂಬತ್ತಿಯನ್ನು ದೂರ ದೂರಕ್ಕೆ ಒಯ್ಯಿರಿ. 1000 ಸೆಂಟಿಮೀಟರಿನಲ್ಲಿಟ್ಟರೆ ಬಿಂಬ 20.41ರಲ್ಲಿ, 10,000ದಲ್ಲಿಟ್ಟರೆ 20.04ರಲ್ಲಿ. ವಸ್ತುವಿನ ದೂರ ಮೇರೆಯಿಲ್ಲದೆ ಹೆಚ್ಚಿದಾಗ ಬಿಂಬದ ದೂರದ ಪರಿಮಿತಿ 20. ಸೂರ್ಯನ ಬಿಸಿಲಿಗೆ ಮಸೂರವನ್ನು ಹಿಡಿದು ಕಾಗದ ಸುಡುವ ಹುಡುಗರು ಸಂಗಮ ಬಿಂದುವಿನಲ್ಲಿಯೇ ಕಾಗದವನ್ನು ಹಿಡಿಯುವುದು ಇದರಿಂದ. ಸೂರ್ಯ ಅನಂತ ದೂರದಲ್ಲೇನೂ ಇಲ್ಲ, ಸುಮಾರು 15 ಕೋಟಿ ಕಿಲೋಮೀಟರು ದೂರದಲ್ಲಿದ್ದಾನೆ. 20ಕ್ಕೂ ನಿಜವಾದ ಬೆಲೆಗೂ ಇರುವ ಅಂತರವನ್ನು ಅಳೆಯಬಲ್ಲ ಅಳತೆಗೋಲು ನಮ್ಮಲ್ಲಿಲ್ಲ, ಅಷ್ಟೆ.

ಆಲೆಮನೆಯ ಕೊಪ್ಪರಿಗೆ

ಮಂಡ್ಯದ ಸೀಮೆಯಲ್ಲಿ ಕಬ್ಬನ್ನೂ ಆಲೆಮನೆಯನ್ನೂ ಕಾಣದವರಿಲ್ಲ. ಒಂದು ಕೊಪ್ಪರಿಗೆಯಲ್ಲಿ 100 ಕಿಲೋಗ್ರಾಮು ನೀರಿದೆ. ನೂರಕ್ಕೆ 18 ಪಾಲು ಸಕ್ಕರೆಯಿರುವ ಕಬ್ಬಿನ ಹಾಲನ್ನು ಅದಕ್ಕೆ ಯ ಕಿಲೋಗ್ರಾಮು ಸುರಿದರೆ, ಮಿಶ್ರಣದಲ್ಲಿ ಸಕ್ಕರೆಯ ಶೇಕಡಾ ಪ್ರಮಾಣ 18ಯ/(100 + ಯ). ಹಾಲು 100 ಕಿಲೋಗ್ರಾಮಾದರೆ 9. 900 ಆದರೆ 16.2, 9900 ಆದರೆ 17.82. ಅಂಶವನ್ನೂ ಛೇದವನ್ನೂ ಯ ಎಂಬುದರಿಂದ ಭಾಗಿಸಿ 18/(100/ಯ + 1) ಎಂದು ಬರೆದರೆ, ಯ ಹೆಚ್ಚಿದಂತೆಲ್ಲ 100/ಯ ಕರಗಿಹೋಗುವುದು ಕಾಣುತ್ತದೆ. ಪರಿಮಿತಿ 18. ಮೊದಲಿನ ನೀರು ಇಲ್ಲವಾಗಲಿಲ್ಲ, ಲೆಕ್ಕಕ್ಕೆ ಬಾರದಂತಾಯಿತು. ಚೌಕಾಶಿಗೆ ಇಲ್ಲಿಯೂ ಸಿದ್ಧನಿದ್ದೇನೆ: 18ಕ್ಕೂ ಪ್ರಮಾಣಕ್ಕೂ ವ್ಯತ್ಯಾಸ 1800/(100 + ಯ) ಆಗುವುದರಿಂದ, ಅದು 1/100ಕ್ಕಿಂತ ಕಡಮೆಯಾಗಬೇಕೆಂದರೆ ಯ ಎಂಬುದು 1,79,900ಕ್ಕಿಂತ ಹೆಚ್ಚಾಗಿರಬೇಕು. ಅಷ್ಟು ದೊಡ್ಡ ಕೊಪ್ಪರಿಗೆಯನ್ನು ಯಾವ ಆಲೆಮನೆಯ ಒಡೆಯನೂ ಇಟ್ಟಿರಲಾರನು. ಗಣಿತಕ್ಕೆ ಆ ಚಿಂತೆಯಿಲ್ಲ.

ಯ ಮೇರೆಯಿಲ್ಲದೆ ಬೆಳೆಯುವಾಗ ಬಹುಪದೋಕ್ತಿಯಲ್ಲಿ ಮಹತ್ತಮ ಘಾತದ ಪದವೊಂದೇ ಆಳುತ್ತದೆ. (3ಯ² + 5ಯ − 7)/(2ಯ² − ಯ + 4) ಎಂಬುದನ್ನು ಮೇಲೂ ಕೆಳಗೂ ಯ²ದಿಂದ ಭಾಗಿಸಿದರೆ 3/2 ಮಾತ್ರ ನಿಲ್ಲುತ್ತದೆ. ಮೇಲಿನ ಘಾತ ಕಡಮೆಯಾಗಿದ್ದರೆ ಪರಿಮಿತಿ ಸೊನ್ನೆ. ಹೆಚ್ಚಾಗಿದ್ದರೆ ಉತ್ಪನ್ನ ಮೇರೆಯಿಲ್ಲದೆ ಏರುತ್ತದೆ ಅಥವಾ ಇಳಿಯುತ್ತದೆ. ಇದರಲ್ಲಿ ಇನ್ನು ವಿವರಿಸಬೇಕಾದುದಿಲ್ಲ.

ಈಗಿನ ಕಾಲದಲ್ಲಿ ಪ್ರತಿಯೊಬ್ಬರ ಕೈಯಲ್ಲಿಯೂ ಲೆಕ್ಕ ಮಾಡುವ ಯಂತ್ರವಿರುವುದರಿಂದ ಒಂದು ಎಚ್ಚರಿಕೆ ಅವಶ್ಯಕ. ಪರಿಮಿತಿ ಬೇಕಾದರೆ ಬಹಳ ಸಮೀಪದ ಬೆಲೆಯೊಂದನ್ನು ಯಂತ್ರಕ್ಕೆ ಕೊಟ್ಟರೆ ಸಾಕಲ್ಲವೆ ಎಂದು ತೋರಬಹುದು. ಗಣಕಯಂತ್ರಗಳು ಸಾಮಾನ್ಯವಾಗಿ ಒಂದು ಸಂಖ್ಯೆಯ ಸುಮಾರು ಹದಿನಾರು ಅಂಕಿಗಳನ್ನು ಮಾತ್ರ ನೆನಪಿಟ್ಟುಕೊಳ್ಳುತ್ತವೆ. 2ಕ್ಕೆ ಅದಕ್ಕಿಂತಲೂ ಸೂಕ್ಷ್ಮವಾದ ಭಾಗವೊಂದನ್ನು ಸೇರಿಸಿ ಕೊಟ್ಟರೆ ಯಂತ್ರ ಅದನ್ನು ಬರಿಯ 2 ಎಂದೇ ಓದಿಕೊಂಡು, ಸೊನ್ನೆಯಿಂದ ಭಾಗಿಸಲಾಗದೆಂದು ಕೈಚೆಲ್ಲುತ್ತದೆ. ಅದಕ್ಕೆ ಸ್ವಲ್ಪ ಮೊದಲು, ಹತ್ತಿರ ಹತ್ತಿರದ ಎರಡು ಸಂಖ್ಯೆಗಳನ್ನು ಕಳೆಯುವಾಗ ಅಂಕಿಗಳು ಅಳಿದುಹೋಗಿ, ಉತ್ತರ ತಪ್ಪಾಗಿ ಬರುವುದೂ ಉಂಟು. ಸಮೀಪ ಹೋದಷ್ಟೂ ಒಳ್ಳೆಯದೆಂಬ ಮಾತು ಗಣಿತದಲ್ಲಿ ನಿಜ, ಯಂತ್ರದಲ್ಲಿ ನಿಜವಲ್ಲ. ಅಪವರ್ತನವನ್ನು ಕೈಯಿಂದ ಮಾಡಿ ಆಮೇಲೆ ಯಂತ್ರಕ್ಕೆ ಕೊಟ್ಟರೆ ಈ ತೊಡಕು ಹುಟ್ಟುವುದೇ ಇಲ್ಲ.

ಕಾಗದ ಲೇಖನಿಗಳನ್ನು ಹಿಡಿದು ಓದಿದ ವಾಚಕರಿಗಾಗಿ ಎರಡು ಲೆಕ್ಕಗಳು. ಮೊದಲನೆಯದು: (ಯ² + ಯ − 6)/(ಯ² − 4) ಎಂಬುದಕ್ಕೆ ಯ ಎಂಬುದು 0, 2, −2 ಇವುಗಳನ್ನು ಸಮೀಪಿಸಿದಾಗ ಮತ್ತು ಮೇರೆಯಿಲ್ಲದೆ ಬೆಳೆದಾಗ ಪರಿಮಿತಿಗಳೇನು? ಒಂದೇ ಉತ್ಪನ್ನದಲ್ಲಿ ನಾಲ್ಕು ಬಗೆಯ ನಡತೆಯೂ ಕಾಣುತ್ತದೆ. ಎರಡನೆಯದು ‘ಲೀಲಾವತಿ’ಯ ಜಾಡಿನದು: ಒಂದು ರಾಶಿಯನ್ನು ಸೊನ್ನೆಯಿಂದ ಗುಣಿಸಿ, ಬಂದುದರ ಮೂರನೆಯ ಒಂದು ಪಾಲನ್ನು ಅದಕ್ಕೆ ಸೇರಿಸಿ, ಆರರಿಂದ ಗುಣಿಸಿ, ಸೊನ್ನೆಯಿಂದ ಭಾಗಿಸಿದರೆ 40 ಬಂದಿತು, ರಾಶಿ ಯಾವುದು? ಮೊದಲನೆಯದರ ಉತ್ತರಗಳು ಕ್ರಮವಾಗಿ 3/2, 5/4, −2ರಲ್ಲಿ ಪರಿಮಿತಿಯಿಲ್ಲ, ಎರಡು ಪಕ್ಕದ ಚಿಹ್ನೆಗಳನ್ನು ವಾಚಕರೇ ನೋಡಿಕೊಳ್ಳಬೇಕು, ಕೊನೆಯದು 1. ಎರಡನೆಯದರ ಉತ್ತರ 5.